ಸ್ಪೀಕರ್ ಮೊದಲು, ವಾಲ್ವ್ ಆಮೇಲೆ

ನನ್ನದು ಹಾಸನದಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ. ದಿನಾ ಬರುವುದು ಪಂಪ್‌ಸೆಟ್, ಸ್ಟೆಬಿಲೈಸರ್, ಮಿಕ್ಸಿ. ನಡುನಡುವೆ ಕೆಲವರು ಬೇರೆ ಥರದ ಕೆಲಸ ಹೊತ್ತು ಬರುತ್ತಾರೆ. ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆಯ ತೋಟದ ಮನೆಗಳ ಅಟ್ಟದಿಂದ ಇಳಿಸಿದ ರೇಡಿಯೋಗ್ರಾಂ, ಇಲ್ಲವೇ ತಾವೇ ಕೂತು ಕಟ್ಟುತ್ತಿರುವ ವಾಲ್ವ್ (ಗಾಜಿನ ಟ್ಯೂಬ್) ಆಂಪ್ಲಿಫೈಯರ್. ಅವರಿಗೆ ಬೇಕಾದದ್ದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಅಂದರೆ ವಾಲ್ವ್‌ಗೂ ಸ್ಪೀಕರ್‌ಗೂ ನಡುವೆ ಕೂರುವುದು. ವಾಲ್ವ್ ಕಡೆಯ ಸುತ್ತು ಪ್ರೈಮರಿ, ಸ್ಪೀಕರ್ ಕಡೆಯದು ಸೆಕೆಂಡರಿ.

"ಅಣ್ಣಾ, ಇಎಲ್84ಗೆ 5 ಕೆ ಒಂದು ಜೊತೆ ಸುತ್ತಿಕೊಡಿ" ಅನ್ನುತ್ತಾರೆ.

"ಸ್ಪೀಕರ್ ಯಾವುದು?" ಅಂತ ನಾನು ಕೇಳುತ್ತೇನೆ.

"ಅದನ್ನ ಆಮೇಲೆ ನೋಡೋಣ ಬಿಡಿ."

ಇದು ಬೋರ್ ಎಷ್ಟು ಆಳ ಅಂತ ನೋಡದೆ ಪಂಪ್ ತಂದ ಹಾಗೆ. ಇಎಲ್84 ಅನ್ನುವುದು ಒಂದು ವಾಲ್ವ್, 5 ಕೆ ಅಂದರೆ ಅದಕ್ಕೆ ಬೇಕಾದ 5000 ಓಮ್ ಲೋಡ್. ವಾಲ್ವ್‌ಗೆ 5 ಕೆ ಬೇಕು ಅನ್ನುವುದು ಅರ್ಧ ಮಾತು. ಆ 5 ಕೆ ಟ್ರಾನ್ಸ್‌ಫಾರ್ಮರ್ ಒಳಗೆ ಎಲ್ಲೂ ಕೂತಿರುವುದಿಲ್ಲ. ಸೆಕೆಂಡರಿಗೆ ನೀವು ಕಟ್ಟಿದ ಸ್ಪೀಕರ್ರೇ ಸುತ್ತುಗಳ ಲೆಕ್ಕದಲ್ಲಿ ದೊಡ್ಡದಾಗಿ ವಾಲ್ವ್‌ಗೆ ಕಾಣುತ್ತದೆ. ಸ್ಪೀಕರ್ ಬದಲಾದರೆ 5 ಕೆ ಕೂಡ ಬದಲಾಯಿತು. ಹಾಗಾಗಿ ಕೆಲಸ ಸ್ಪೀಕರ್‌ನಿಂದ ಶುರುವಾಗಬೇಕು. ನಾನು ಹೇಳಿಕೊಡುವುದೂ ಅದೇ ವರಸೆಯಲ್ಲಿ.

ಅದಕ್ಕೂ ಮೊದಲು ಪ್ರಾಣದ ವಿಷಯ. ಈ ಡಬ್ಬದೊಳಗೆ 250ರಿಂದ 350 ವೋಲ್ಟ್ ಡಿಸಿ ಓಡುತ್ತದೆ. ಸ್ವಿಚ್ ಆಫ್ ಮಾಡಿದರೂ ಫಿಲ್ಟರ್ ಕೆಪಾಸಿಟರ್‌ನಲ್ಲಿ ಅದು ಉಳಿದಿರುತ್ತದೆ. ಕೆಪಾಸಿಟರ್‌ಗೆ ಅಡ್ಡಲಾಗಿ 220 ಕೆ, 2 ವಾಟ್‌ನ ರೆಸಿಸ್ಟರ್ ಖಾಯಂ ಆಗಿ ಹಾಕಿಡಿ. 47 ಮೈಕ್ರೋಫ್ಯಾರಡ್ ಆದರೆ ಒಂದು ನಿಮಿಷದಲ್ಲಿ ಖಾಲಿಯಾಗುತ್ತದೆ. ಖಾಲಿಯಾಯಿತು ಅಂತ ಮೀಟರ್ ಹೇಳಬೇಕು, ನಿಮ್ಮ ಅಂದಾಜು ಅಲ್ಲ. ಇನ್ನೊಂದು ಮಾತು, ತುಂಬಾ ಜನಕ್ಕೆ ಗೊತ್ತಿಲ್ಲದ್ದು: ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆ, ಶಾಕ್ ಹೊಡೆದರೆ ಟ್ರಿಪ್ ಆಗುತ್ತೆ ಅಂತ ನಂಬಿಕೊಳ್ಳಬೇಡಿ. ಪವರ್ ಟ್ರಾನ್ಸ್‌ಫಾರ್ಮರ್‌ನ ಆಚೆ ಬದಿಯಲ್ಲಿ ಹೊಡೆಯುವ ಶಾಕ್ ಆರ್‌ಸಿಸಿಬಿಗೆ ಕಾಣುವುದೇ ಇಲ್ಲ. ಆನ್ ಇರುವಾಗ ಅಳೆಯಬೇಕಾದರೆ ಒಂದು ಕೈ ಬೆನ್ನ ಹಿಂದೆ ಇರಲಿ.

ಸ್ಪೀಕರ್ ಅಳೆಯುವುದು

ಸ್ಪೀಕರ್ ಹಿಂದೆ 8 ಓಮ್ ಅಂತ ಬರೆದಿರುತ್ತದೆ. ಮೀಟರ್ ಇಟ್ಟರೆ ಆರು, ಆರೂವರೆ ತೋರಿಸುತ್ತದೆ. ಕೆಟ್ಟಿದೆ ಅಂದುಕೊಳ್ಳಬೇಡಿ. ಮೀಟರ್ ತೋರಿಸುವುದು ಸುರುಳಿಯ ಡಿಸಿ ರೆಸಿಸ್ಟೆನ್ಸ್. 8 ಓಮ್ ಸ್ಪೀಕರ್ ಸಾಮಾನ್ಯವಾಗಿ 5.5ರಿಂದ 7 ತೋರಿಸುತ್ತದೆ, 4 ಓಮ್‌ನದು ಮೂರು ಮೂರೂವರೆ, 16 ಓಮ್‌ನದು ಹನ್ನೊಂದರಿಂದ ಹದಿಮೂರು. ಅಳೆಯುವ ಮೊದಲು ಮೀಟರ್‌ನ ಎರಡೂ ಕಡ್ಡಿ ತಾಗಿಸಿ, ಬಂದ ಅಂಕಿಯನ್ನು ಕಳೆಯಿರಿ. ಹಳೇ ಲೀಡ್ ಆದರೆ ಅರ್ಧ ಓಮ್ ಅದರದ್ದೇ ಇರುತ್ತದೆ.

ಹಳೇ ರೇಡಿಯೋದ ಸ್ಪೀಕರ್‌ಗಳಲ್ಲಿ 3 ಓಮ್‌ನವು ಬೇಕಾದಷ್ಟಿವೆ. ಹಳೇ ಬ್ರಿಟಿಷ್ ಸ್ಪೀಕರ್‌ಗಳಲ್ಲಿ 15 ಓಮ್ ಮಾಮೂಲು. ಹಾಗಾಗಿ "ಎಲ್ಲಾ ಸ್ಪೀಕರ್ರೂ 8 ಓಮ್ ತಾನೆ" ಅನ್ನುವ ಧೈರ್ಯ ಬೇಡ.

ಇಷ್ಟು ಮಾಡಿ ನಿಲ್ಲಿಸಿದರೂ ಕೆಲಸ ನಡೆಯುತ್ತದೆ. ಆದರೆ ಇನ್ನೂ ಒಂದು ಗಂಟೆ ಕೂತರೆ ಸ್ಪೀಕರ್‌ನ ಪೂರ್ತಿ ಜಾತಕ ಸಿಗುತ್ತದೆ. ಇಂಪೀಡೆನ್ಸ್, ಅಂದರೆ ಎಸಿಗೆ ಸ್ಪೀಕರ್ ಒಡ್ಡುವ ತಡೆ, ಒಂದೇ ಅಂಕಿ ಅಲ್ಲ. ಕೆಳಗಿನ ಸ್ವರಕ್ಕೆ ಒಂದು, ಮಧ್ಯಕ್ಕೆ ಒಂದು, ಮೇಲಕ್ಕೆ ಇನ್ನೊಂದು. ಅಳೆಯಲು ಬೇಕಾದದ್ದು ನಿಮ್ಮ ಈಗಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್, ಟೋನ್ ಕೊಡುವ ಒಂದು ಮೊಬೈಲ್ ಆ್ಯಪ್, 100 ಓಮ್‌ನ ಒಂದು ರೆಸಿಸ್ಟರ್. ರೆಸಿಸ್ಟರ್ ಮತ್ತು ಸ್ಪೀಕರ್ ಎರಡನ್ನೂ ಸೀರೀಸ್‌ನಲ್ಲಿ ಕಟ್ಟಿ. ರೆಸಿಸ್ಟರ್ ಮೇಲೆ 2 ವೋಲ್ಟ್ ಬರುವ ಹಾಗೆ ವಾಲ್ಯೂಮ್ ಇಡಿ. ಅಲ್ಲಿಗೆ 20 ಮಿಲಿಆಂಪಿಯರ್ ಹರಿಯುತ್ತಿದೆ ಅಂತಾಯಿತು. ಈಗ ಸ್ಪೀಕರ್ ಮೇಲಿನ ವೋಲ್ಟೇಜ್ ನೋಡಿ. 0.13 ವೋಲ್ಟ್ ಇದ್ದರೆ 6.5 ಓಮ್. 0.8 ವೋಲ್ಟ್ ಇದ್ದರೆ 40 ಓಮ್. ಹೌದು, 40 ಬರುತ್ತದೆ. 30 ಹರ್ಟ್ಜ್‌ನಿಂದ ನಿಧಾನಕ್ಕೆ ಮೇಲೆ ಹೋಗುತ್ತಿದ್ದರೆ ಎಲ್ಲೋ ಒಂದು ಕಡೆ ಮೀಟರ್ ಸರ್ರನೆ ಏರಿ ಇಳಿಯುತ್ತದೆ. ಅದು ವೂಫರ್‌ನ ರೆಸೋನೆನ್ಸ್. ಪೋರ್ಟ್ (ಗಾಳಿ ಆಡುವ ತೂತು) ಇರುವ ಡಬ್ಬ ಆದರೆ ಅಂಥ ಗುಡ್ಡ ಎರಡು ಸಿಗುತ್ತವೆ. ಪ್ರತಿ ಟೋನ್‌ಗೂ ರೆಸಿಸ್ಟರ್ ಮೇಲೆ 2 ವೋಲ್ಟ್ ಇದೆಯಾ ಅಂತ ನೋಡಿ ಸರಿಮಾಡಿಕೊಂಡೇ ಓದಬೇಕು.

ಒಂದು ಎಚ್ಚರಿಕೆ. ಎಲ್ಲರ ಮನೆಯಲ್ಲೂ ಇರುವ ಆ ಸಣ್ಣ ಹಳದಿ ಮೀಟರ್‌ನಲ್ಲಿ ಎಸಿಗೆ 200 ಮತ್ತು 750 ಅಂತ ಎರಡೇ ರೇಂಜ್ ಇರುತ್ತದೆ. ಅದರಲ್ಲಿ ಇದು ಆಗದು. 2 ವೋಲ್ಟ್ ಎಸಿ ರೇಂಜ್ ಇರುವ ಮೀಟರ್ ಬೇಕು. ಈ ಹವ್ಯಾಸಕ್ಕೆ ಇಳಿದ ಮೇಲೆ ದುಬಾರಿ ವೈರ್ ತರುವ ಬದಲು ಮೊದಲು ಅದನ್ನು ತನ್ನಿ.

ಬರೆದಿಟ್ಟುಕೊಳ್ಳಬೇಕಾದ ಅಂಕಿ ಎರಡು: ಅತೀ ಕಮ್ಮಿ ಎಷ್ಟು, ಅತೀ ಜಾಸ್ತಿ ಎಷ್ಟು. ಐಇಸಿ ಅನ್ನುವ ಅಂತಾರಾಷ್ಟ್ರೀಯ ಮಾನದಂಡದ ಲೆಕ್ಕದಲ್ಲಿ ಕನಿಷ್ಠ ಇಂಪೀಡೆನ್ಸ್ ಬರೆದ ಅಂಕಿಯ ಶೇ 80ಕ್ಕಿಂತ ಇಳಿಯಬಾರದು. ಅಂದರೆ 8 ಓಮ್ ಸ್ಪೀಕರ್ 6.4ಕ್ಕಿಂತ ಕೆಳಗೆ ಹೋಗಬಾರದು. ನಿಜದಲ್ಲಿ ನಾಲ್ಕಕ್ಕೆ ಇಳಿಯುವ "8 ಓಮ್" ಡಬ್ಬಗಳು ನನ್ನ ಮೇಜಿನ ಮೇಲೇ ಬಂದಿವೆ. ಅಂಥದ್ದನ್ನು 4 ಓಮ್ ಅಂತಲೇ ಲೆಕ್ಕ ಹಿಡಿಯಿರಿ.

5 ವಾಟ್ ಸಾಕಾ?

ಒಂದು ಇಎಲ್84 ಸಿಂಗಲ್ ಎಂಡೆಡ್ ಆಗಿ, ಅಂದರೆ ಒಂಟಿಯಾಗಿ, ಓಡಿದರೆ ಡೇಟಾಶೀಟ್ ಪ್ರಕಾರ 5.7 ವಾಟ್. ಅದೂ ಶೇ 10 ಡಿಸ್ಟಾರ್ಷನ್‌ನಲ್ಲಿ. ಕಿವಿಗೆ ಹಿತವಾಗಿ ಮೂರೂವರೆ ನಾಲ್ಕು ಅನ್ನಿ. 6ವಿ6 ಆದರೆ 4.5 ವಾಟ್. 300ಬಿ ಅಂತ ದೊಡ್ಡ ಹೆಸರಿನದು ತಂದರೂ ಒಂದರಿಂದ ಸುಮಾರು 8 ವಾಟ್ ಅಷ್ಟೇ. ಎರಡು ಇಎಲ್84 ಪುಶ್‌ಪುಲ್ ಮಾಡಿ (ಒಂದು ತಳ್ಳುವಾಗ ಇನ್ನೊಂದು ಎಳೆಯುವ ಜೋಡಿ) 300 ವೋಲ್ಟ್ ಕೊಟ್ಟರೆ 17 ವಾಟ್.

ಇದು ಸಾಕಾ ಸಾಲದಾ ಅನ್ನುವುದು ಸ್ಪೀಕರ್‌ನ ಸೆನ್ಸಿಟಿವಿಟಿ ಮೇಲೆ ನಿಂತಿದೆ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಅನ್ನುವ ಅಂಕಿ ಅದು. ಈಗಿನ ಸಣ್ಣ ಬುಕ್‌ಶೆಲ್ಫ್ ಸ್ಪೀಕರ್‌ಗಳು 84–86. ಹಳೇ ರೇಡಿಯೋಗ್ರಾಂನ ಹಗುರ ಕಾಗದದ ಕೋನ್ ಸ್ಪೀಕರ್‌ಗಳು 92ರ ಆಸುಪಾಸಿಗೂ ಹೋಗುತ್ತವೆ. 6 ಡೆಸಿಬೆಲ್ ವ್ಯತ್ಯಾಸ ಅಂದರೆ ಪವರ್‌ನಲ್ಲಿ ನಾಲ್ಕು ಪಟ್ಟು. 92ರ ಸ್ಪೀಕರ್‌ಗೆ 4 ವಾಟ್ ಕೊಡುವುದೂ ಒಂದೇ, 86ರದ್ದಕ್ಕೆ 16 ವಾಟ್ ಕೊಡುವುದೂ ಒಂದೇ. ಇನ್ನೊಂದು ಇಎಲ್84 ಸೇರಿಸುವುದಕ್ಕಿಂತ ಸ್ಪೀಕರ್ ಬದಲಿಸುವುದು ಎಷ್ಟೋ ಸಲ ಅಗ್ಗ.

ಕ್ಯಾಟಲಾಗ್ ಓದುವಾಗ ಒಂದು ಕಣ್ಕಟ್ಟು ಇದೆ, ನೋಡಿಕೊಳ್ಳಿ. ಕೆಲವರು "ಒಂದು ವಾಟ್‌ಗೆ" ಅನ್ನುವ ಬದಲು "2.83 ವೋಲ್ಟ್‌ಗೆ" ಅಂತ ಬರೆಯುತ್ತಾರೆ. 8 ಓಮ್‌ಗೆ ಅದು ಸರಿಯಾಗಿ 1 ವಾಟ್. 4 ಓಮ್‌ಗೆ ಅದೇ 2 ವಾಟ್. ಅಂಥ ಸ್ಪೀಕರ್‌ನ ಅಂಕಿಯಿಂದ 3 ಡೆಸಿಬೆಲ್ ಕಳೆಯಿರಿ.

ಇನ್ನು ಕೋಣೆ. ಹಾಸನದ ಹೊಸ ಬಡಾವಣೆಯ ಹತ್ತಡಿ ಹನ್ನೆರಡಡಿ ಆರ್‌ಸಿಸಿ ಕೋಣೆಯಲ್ಲಿ 86ರ ಸ್ಪೀಕರ್‌ಗೆ 5 ವಾಟ್ ಕೊಟ್ಟರೆ ಎರಡೂವರೆ ಮೀಟರ್ ದೂರದಲ್ಲಿ ಕೂತು ವೀಣೆ, ಹಳೇ ಚಿತ್ರಗೀತೆ ಧಾರಾಳವಾಗಿ ಕೇಳಬಹುದು. ಅದೇ ಜೋಡಿಯನ್ನು ಮಲೆನಾಡಿನ ಹೆಂಚಿನ ಮನೆಯ ಪಡಸಾಲೆಗೆ ಒಯ್ದರೆ ಕಥೆ ಬೇರೆ. ಮಾಡು ಎತ್ತರ, ಅರ್ಧ ಗೋಡೆ, ಶಬ್ದ ಹೊರಗೇ ಹೋಗುತ್ತದೆ. ಜುಲೈ ತಿಂಗಳಲ್ಲಿ ಮಂಗಳೂರು ಹೆಂಚಿನ ಮೇಲೆ ಮಳೆ ಹೊಡೆಯುವ ಸದ್ದು ಬೇರೆ. ಆ ಸದ್ದಿಗಿಂತ ಹಾಡು ಹತ್ತು ಡೆಸಿಬೆಲ್ ಮೇಲೆ ನಿಲ್ಲಬೇಕು ಅಂದರೂ ಪವರ್ ಹತ್ತು ಪಟ್ಟು ಬೇಕು. ತೋಟದ ಮನೆಯವರಿಗೆ ನಾನು ಹೇಳುವುದು ಒಂದೋ ಪುಶ್‌ಪುಲ್ ಕಟ್ಟಿ, ಇಲ್ಲಾ 92ಕ್ಕಿಂತ ಮೇಲಿನ ಸ್ಪೀಕರ್ ಹುಡುಕಿ. 84ರ ಡಬ್ಬ ಇಟ್ಟುಕೊಂಡು ಸಿಂಗಲ್ ಎಂಡೆಡ್ ಆಸೆ ಪಡಬೇಡಿ.

ಟ್ರಾನ್ಸ್‌ಫಾರ್ಮರ್

ವಾಲ್ವ್‌ಗೆ ಎಷ್ಟು ಲೋಡ್ ಬೇಕು ಅಂತ ಡೇಟಾಶೀಟ್ ಹೇಳುತ್ತದೆ. ಸಿಕ್ಕದಿದ್ದರೆ ಪೆಂಟೋಡ್‌ಗೆ (ಇಎಲ್84 ಥರದ, ಐದು ಎಲೆಕ್ಟ್ರೋಡ್‌ನ ವಾಲ್ವ್) ಒಂದು ಒರಟು ಲೆಕ್ಕ: ಪ್ಲೇಟ್ ವೋಲ್ಟೇಜನ್ನು ಪ್ಲೇಟ್ ಕರೆಂಟಿನಿಂದ ಭಾಗಿಸಿ. ಇಎಲ್84ಗೆ 250 ವೋಲ್ಟ್, 48 ಮಿಲಿಆಂಪಿಯರ್. ಭಾಗಿಸಿದರೆ 5.2 ಕೆ. ಡೇಟಾಶೀಟೂ 5.2 ಅನ್ನುತ್ತದೆ. 6ವಿ6ಗೆ 5 ಕೆ, 250 ವೋಲ್ಟ್‌ನ ಇಎಲ್34ಗೆ 2 ಕೆ, ಪುಶ್‌ಪುಲ್ ಇಎಲ್84ಗೆ ಪ್ಲೇಟಿನಿಂದ ಪ್ಲೇಟಿಗೆ 8 ಕೆ.

ಈಗ ಸುತ್ತಿನ ಲೆಕ್ಕ. ಇಂಪೀಡೆನ್ಸ್ ಸುತ್ತುಗಳ ಅನುಪಾತದ ವರ್ಗದಂತೆ ಏರುತ್ತದೆ. 5200ನ್ನು 8ರಿಂದ ಭಾಗಿಸಿದರೆ 650. ಅದರ ವರ್ಗಮೂಲ 25.5. ಸೆಕೆಂಡರಿ 100 ಸುತ್ತು ಆದರೆ ಪ್ರೈಮರಿ 2550. ಅದೇ ಸೆಕೆಂಡರಿಯಲ್ಲಿ 71ನೇ ಸುತ್ತಿಗೆ ಒಂದು ಟ್ಯಾಪ್ (ನಡುವಿನಿಂದ ಹೊರತಂದ ವೈರ್) ತೆಗೆದರೆ 4 ಓಮ್‌ಗೆ ಆಯಿತು, 87ಕ್ಕೆ ತೆಗೆದರೆ 6 ಓಮ್‌ಗೆ. 141ರ ತನಕ ಸುತ್ತಿದರೆ 16 ಓಮ್. ಸುತ್ತಿಸುವಾಗಲೇ ಟ್ಯಾಪ್ ಕೇಳಿಕೊಳ್ಳಿ. ವಾರ್ನಿಷ್ ಹಾಕಿ ಒಣಗಿಸಿದ ಮೇಲೆ ಬಂದು "ಒಂದು ಟ್ಯಾಪ್ ಬೇಕಿತ್ತು" ಅಂದರೆ ಯಾವ ವೈಂಡರ್‌ಗೂ ಸಂತೋಷ ಆಗಲ್ಲ.

ಗುಜರಿಯಲ್ಲೋ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲೋ ಹೆಸರಿಲ್ಲದ ಟ್ರಾನ್ಸ್‌ಫಾರ್ಮರ್ ಸಿಕ್ಕಿದರೆ ಅಳೆಯುವುದು ಸುಲಭ. ಅದರ ಪ್ರೈಮರಿಗೆ, ಅಂದರೆ ಜಾಸ್ತಿ ಓಮ್ ತೋರಿಸುವ ಬದಿಗೆ, 12 ವೋಲ್ಟ್ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್‌ನಿಂದ ಎಸಿ ಕೊಡಿ. ಖಾಲಿ ಓಡುವಾಗ ಅದು 12.8 ವೋಲ್ಟ್ ತೋರಿಸಿತು ಅನ್ನಿ. ಸೆಕೆಂಡರಿಯಲ್ಲಿ 0.50 ಬಂತು. ಅನುಪಾತ 25.6. ವರ್ಗ ಮಾಡಿದರೆ 655. 8 ಓಮ್ ಕಟ್ಟಿದರೆ ವಾಲ್ವ್‌ಗೆ 5240 ಕಾಣುತ್ತದೆ. 4 ಓಮ್ ಕಟ್ಟಿದರೆ 2620. ಇದನ್ನು ಉಲ್ಟಾ ಮಾಡಬೇಡಿ. ಸೆಕೆಂಡರಿಗೆ 12 ವೋಲ್ಟ್ ಕೊಟ್ಟರೆ ಆ ಕಡೆ 300 ವೋಲ್ಟ್ ಎದ್ದು ನಿಲ್ಲುತ್ತದೆ.

8 ಓಮ್ ಟ್ಯಾಪ್‌ಗೆ 4 ಓಮ್ ಸ್ಪೀಕರ್ ಹಾಕಿದರೆ ಏನಾಗುತ್ತದೆ? ತಕ್ಷಣಕ್ಕೆ ಏನೂ ಸುಡುವುದಿಲ್ಲ. ಪವರ್ ಇಳಿಯುತ್ತದೆ, ಹಾಡು ಬೇಗ ಒಡೆಯುತ್ತದೆ. ಅದರ ಬದಲು 4 ಓಮ್ ಟ್ಯಾಪ್‌ಗೆ 8 ಓಮ್ ಸ್ಪೀಕರ್ ಹಾಕಿದರೆ ವಾಲ್ವ್‌ಗೆ ಎರಡರಷ್ಟು ಲೋಡ್. ಟ್ರಯೋಡ್ (ಮೂರು ಎಲೆಕ್ಟ್ರೋಡ್‌ನ ವಾಲ್ವ್) ಆದರೆ ಇದು ಒಳ್ಳೆಯದೇ: ಪವರ್ ಸ್ವಲ್ಪ ಕಮ್ಮಿ, ಆದರೆ ಡಿಸ್ಟಾರ್ಷನ್ ಇಳಿಯುತ್ತದೆ, ಸ್ಪೀಕರ್ ಮೇಲಿನ ಹಿಡಿತವೂ ದುಪ್ಪಟ್ಟು. ಪೆಂಟೋಡ್‌ಗೆ ಈ ಉದಾರತೆ ಇಲ್ಲ. ಅದು ಹೇಳಿದ ಲೋಡ್ ಹತ್ತಿರವೇ ಇರಬೇಕು. ಅದಕ್ಕಿಂತ ತುಂಬಾ ಮೇಲೆ ಹೋದರೆ ಕಿವಿಗೆ ಚುಚ್ಚುವ ಮೂರನೇ ಹಾರ್ಮೋನಿಕ್ ಏರುತ್ತದೆ.

ಏನೂ ಕಟ್ಟದೆ ಓಡಿಸುವುದು ಮಾತ್ರ ಮಹಾ ಕೆಟ್ಟದ್ದು. ಸೆಕೆಂಡರಿ ಖಾಲಿ ಇಟ್ಟು ಹಾಡು ಹಾಕಿದರೆ ಪ್ರೈಮರಿಯಲ್ಲಿ ಸಾವಿರಗಟ್ಟಲೆ ವೋಲ್ಟ್ ಎದ್ದು ಇನ್ಸುಲೇಷನ್ ತೂತಾಗುತ್ತದೆ. ನನ್ನ ಹತ್ತಿರ ರಿಪೇರಿಗೆ ಬರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಸುತ್ತಿನ ಪದರದ ತುದಿಯಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕಿ, ಮಿಲಿನೆಕ್ಸ್ ಪೇಪರ್‌ನಲ್ಲಿ ಕಂದು ದಾರಿ ಕಂಡರೆ ನಾನು ಕೇಳುವುದೇ ಬೇಡ. ಸ್ಪೀಕರ್ ವೈರ್ ಕಳಚಿತ್ತು. ಸೆಕೆಂಡರಿಗೆ ಅಡ್ಡಲಾಗಿ 100 ಓಮ್, 5 ವಾಟ್ ರೆಸಿಸ್ಟರ್ ಒಂದನ್ನು ಒಳಗೇ ಬೆಸುಗೆ ಹಾಕಿಡಿ. ಪೂರ್ತಿ ಕಾಪಾಡುತ್ತದೆ ಅಂತಲ್ಲ, ಪೆಟ್ಟು ಕಮ್ಮಿಯಾಗುತ್ತದೆ.

ಅಗ್ಗದ ದಾರಿ ಕೇಳುವವರಿಗೆ ಎರಡು ಮಾತು. 230ರಿಂದ 9 ವೋಲ್ಟ್‌ನ ಮಾಮೂಲಿ ಟ್ರಾನ್ಸ್‌ಫಾರ್ಮರ್ ಹಾಕಬಹುದಲ್ವಾ, ಅನುಪಾತ 25.5 ಬರುತ್ತದೆ ಅನ್ನುತ್ತಾರೆ. ಲೆಕ್ಕ ಹೆಚ್ಚುಕಮ್ಮಿ ಸರಿ. ಆದರೆ ಸಿಂಗಲ್ ಎಂಡೆಡ್‌ನಲ್ಲಿ ಪ್ರೈಮರಿಯಲ್ಲಿ 48 ಮಿಲಿಆಂಪಿಯರ್ ಡಿಸಿ ಸದಾ ಹರಿಯುತ್ತಿರುತ್ತದೆ. ಮಾಮೂಲಿ ಟ್ರಾನ್ಸ್‌ಫಾರ್ಮರ್‌ನಲ್ಲಿ ಇ ಮತ್ತು ಐ ಆಕಾರದ ಕಬ್ಬಿಣದ ತಗಡುಗಳನ್ನು (ಸ್ಟಾಂಪಿಂಗ್) ಒಂದರೊಳಗೊಂದು ಹೆಣೆದಿರುತ್ತಾರೆ. ಆ ಡಿಸಿಗೇ ಕೋರ್ ತುಂಬಿಹೋಗಿ ಬೇಸ್ ಸತ್ತುಹೋಗುತ್ತದೆ. ಸಿಂಗಲ್ ಎಂಡೆಡ್‌ಗೆ ಎಲ್ಲಾ ಇ ಒಂದು ಕಡೆ, ಎಲ್ಲಾ ಐ ಇನ್ನೊಂದು ಕಡೆ ಜೋಡಿಸಿ ನಡುವೆ ತೆಳು ಪೇಪರ್ ಇಟ್ಟು ಗ್ಯಾಪ್ ಬಿಡಬೇಕು.

ಎರಡನೆಯದು ಮೈಕ್‌ಸೆಟ್‌ನವರ 100 ವೋಲ್ಟ್ ಲೈನ್ ಟ್ರಾನ್ಸ್‌ಫಾರ್ಮರ್. ಇದು ಜಾಣ ದಾರಿ. ಅದರ ಮೇಲೆ ಓಮ್ ಬರೆದಿರುವುದಿಲ್ಲ, ವಾಟ್ ಬರೆದಿರುತ್ತದೆ. 10,000ವನ್ನು ವಾಟ್‌ನಿಂದ ಭಾಗಿಸಿದರೆ ಓಮ್. 1.25 ವಾಟ್ ಟ್ಯಾಪ್ ಅಂದರೆ 8 ಕೆ. 5 ವಾಟ್ ಟ್ಯಾಪ್ ಅಂದರೆ 2 ಕೆ. ನಾಲ್ಕರಲ್ಲಿ ಒಂದು ಇಂಪೀಡೆನ್ಸ್ ಅಂದರೆ ಅರ್ಧ ಸುತ್ತು. ಅಂದರೆ 5 ವಾಟ್ ಟ್ಯಾಪ್ ಸರಿಯಾಗಿ ನಡುವಿನಲ್ಲಿದೆ. ಅಲ್ಲಿಗೆ ಪುಶ್‌ಪುಲ್ ಇಎಲ್84ಗೆ 8 ಕೆ ಸೆಂಟರ್‌ಟ್ಯಾಪ್ ಟ್ರಾನ್ಸ್‌ಫಾರ್ಮರ್ ಸಿಕ್ಕಿತು! ಕೋರ್ ಸಣ್ಣದು, ಬೇಸ್ ನಿರೀಕ್ಷೆ ಬೇಡ. ಇನ್ಸುಲೇಷನ್ ಕೂಡ 300 ವೋಲ್ಟ್ ಡಿಸಿಗೆ ಅಂತ ಮಾಡಿದ್ದಲ್ಲ. ಕೈ ಪಳಗಿಸಲು ಸರಿ, ಖಾಯಂ ಆಗಿ ಬೇಡ.

ಬೇಸ್ ಎಷ್ಟು ಕೆಳಗೆ ಹೋಗುತ್ತದೆ ಅನ್ನುವುದು ಪ್ರೈಮರಿಯ ಇಂಡಕ್ಟೆನ್ಸ್ ಮೇಲೆ. 5.2 ಕೆ ಲೋಡ್‌ಗೆ 6 ಹೆನ್ರಿ ಇದ್ದರೆ 138 ಹರ್ಟ್ಜ್‌ನಲ್ಲೇ 3 ಡೆಸಿಬೆಲ್ ಬಿದ್ದಿರುತ್ತದೆ. 50 ಹರ್ಟ್ಜ್ ಬೇಕಾದರೆ 16–17 ಹೆನ್ರಿ. ಅದಕ್ಕೆ ಜಾಸ್ತಿ ಕಬ್ಬಿಣ, ಜಾಸ್ತಿ ತಾಮ್ರ ಬೇಕು. ಬೇರೆ ಗುಟ್ಟು ಏನಿಲ್ಲ. ನಿಮ್ಮ ಸ್ಪೀಕರ್ರೇ 80 ಹರ್ಟ್ಜ್‌ಗೆ ನಿಂತುಹೋಗುವುದಾದರೆ ಅಷ್ಟು ದೊಡ್ಡ ಕೋರ್‌ಗೆ ಸುಮ್ನೆ ಯಾಕೆ ದುಡ್ಡು ಹಾಕುತ್ತೀರಿ?

ಕೋನ್ ಮೇಲಿನ ಹಿಡಿತ

ಓಮ್ ಹೊಂದಿಸಿದರೆ ಕೆಲಸ ಮುಗಿಯಿತು ಅಂದುಕೊಂಡವರು ಮುಂದಿನ ವಾರ ಫೋನ್ ಮಾಡುತ್ತಾರೆ. "ಅಣ್ಣಾ, ಬೇಸ್ ಗುಂಯ್ ಅನ್ನುತ್ತೆ." ಇದು ಟ್ರಾನ್ಸ್‌ಫಾರ್ಮರ್ ತಪ್ಪಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ಆಂಪ್ಲಿಫೈಯರ್ರೇ ಬೇಡ, ನಿಮ್ಮ ಬೆರಳು ಸಾಕು.

ಸ್ಪೀಕರ್ ಗ್ರಿಲ್ ತೆಗೆಯಿರಿ. ವೈರ್‌ಗಳನ್ನು ಬಿಚ್ಚಿ. ವೂಫರ್ ಕೋನ್‌ನ ಮೇಲೆ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ. "ಧುಂ" ಅಂತ ಕೊಂಚ ಎಳೆಯುವ ಸದ್ದು ಬರುತ್ತದೆ. ಈಗ ಹಿಂದಿನ ಎರಡು ಟರ್ಮಿನಲ್‌ಗಳನ್ನು ಒಂದು ತುಂಡು ವೈರ್‌ನಿಂದ ಶಾರ್ಟ್ ಮಾಡಿ ಮತ್ತೆ ತಟ್ಟಿ. "ಟಪ್" ಅಂತ ಅಲ್ಲೇ ನಿಲ್ಲುತ್ತದೆ. ಕೋನ್ ಅಲುಗಿದಾಗ ಸುರುಳಿಯಲ್ಲಿ ಹುಟ್ಟುವ ಕರೆಂಟೇ ಅದಕ್ಕೆ ಬ್ರೇಕ್ ಹಾಕುತ್ತದೆ. ಮೂರನೇ ಸಲ ಶಾರ್ಟ್ ಬದಲು 3.9 ಓಮ್ ರೆಸಿಸ್ಟರ್ ಇಟ್ಟು ತಟ್ಟಿ. ಎರಡರ ನಡುವಿನ ಸದ್ದು.

ಆಂಪ್ಲಿಫೈಯರ್‌ನ ಔಟ್‌ಪುಟ್ ಇಂಪೀಡೆನ್ಸ್ ಅಂದರೆ ಈ ರೆಸಿಸ್ಟರ್. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಲ್ಲಿ ಅದು ಸೊನ್ನೆಯ ಹತ್ತಿರ, ಶಾರ್ಟ್ ಮಾಡಿದ ಹಾಗೆ. ಇಎಲ್84ನ ಒಳಗಿನ ರೆಸಿಸ್ಟೆನ್ಸ್ ಪೆಂಟೋಡ್ ಆಗಿದ್ದಾಗ ಸುಮಾರು 38 ಕೆ. 655ರಿಂದ ಭಾಗಿಸಿದರೆ ಸ್ಪೀಕರ್ ಕಡೆಗೆ 58 ಓಮ್. 8 ಓಮ್ ಸ್ಪೀಕರ್‌ಗೆ 58 ಓಮ್ ಸೀರೀಸ್‌ನಲ್ಲಿ! ಬ್ರೇಕ್ ಇಲ್ಲವೇ ಇಲ್ಲ ಅನ್ನಬಹುದು. ಅದೇ ವಾಲ್ವನ್ನು ಟ್ರಯೋಡ್ ಆಗಿ ಕಟ್ಟಿದರೆ 2 ಕೆ ಆಸುಪಾಸು, ಅಂದರೆ 3 ಓಮ್. ಸುತ್ತುಗಳ ತಾಮ್ರ ಸೇರಿ 4 ಅನ್ನಿ.

ಇದರ ಪರಿಣಾಮ ಎರಡು. ಒಂದು, ಕೋನ್ ಬೇಗ ನಿಲ್ಲುವುದಿಲ್ಲ. ಇನ್ನೊಂದು, ಸ್ಪೀಕರ್‌ನ ಇಂಪೀಡೆನ್ಸ್ ಎಲ್ಲಿ ಏರುತ್ತದೋ ಅಲ್ಲಿ ಸದ್ದೂ ಏರುತ್ತದೆ. ಮೊದಲು ಬರೆದಿಟ್ಟ ಎರಡು ಅಂಕಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಕನಿಷ್ಠ 6 ಓಮ್, ಗರಿಷ್ಠ 40 ಓಮ್, ಆಂಪ್ಲಿಫೈಯರ್ 3 ಓಮ್ ಅನ್ನಿ. 40 ಇರುವಲ್ಲಿ ವೋಲ್ಟೇಜಿನ ಶೇ 93 ಸ್ಪೀಕರ್‌ಗೆ ಸಿಗುತ್ತದೆ, 6 ಇರುವಲ್ಲಿ ಶೇ 67. ವ್ಯತ್ಯಾಸ 2.9 ಡೆಸಿಬೆಲ್. ಟೋನ್ ಕಂಟ್ರೋಲ್ ತಿರುಗಿಸಿದಷ್ಟೇ ಸ್ಪಷ್ಟವಾಗಿ ಕೇಳಿಸುತ್ತದೆ. ಆಂಪ್ಲಿಫೈಯರ್ ಅರ್ಧ ಓಮ್ ಆದರೆ ಅದೇ ವ್ಯತ್ಯಾಸ 0.6.

ಆದ್ದರಿಂದ ನನ್ನ ಸಲಹೆ: ಕಟ್ಟುವ ಮೊದಲೇ ಕೇಳಿ ನೋಡಿ. ಈಗಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗೂ ಸ್ಪೀಕರ್‌ಗೂ ನಡುವೆ 3.9 ಓಮ್, 10 ವಾಟ್‌ನ ರೆಸಿಸ್ಟರ್ ಒಂದೊಂದು ಸೀರೀಸ್‌ನಲ್ಲಿ ಹಾಕಿ ಒಂದೆರಡು ದಿನ ಹಾಡು ಕೇಳಿ. ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದು ಪಾಲನ್ನು ಹಿಂದಕ್ಕೆ ಕೊಡುವುದು) ಇಲ್ಲದ ಟ್ರಯೋಡ್ ಆಂಪ್ಲಿಫೈಯರ್ ನಿಮ್ಮ ಸ್ಪೀಕರ್‌ನ ಬೇಸ್‌ಗೆ ಏನು ಮಾಡುತ್ತದೆ ಅಂತ ಹೆಚ್ಚುಕಮ್ಮಿ ಗೊತ್ತಾಗುತ್ತದೆ. ರೆಸಿಸ್ಟರ್ ಬಿಸಿಯಾಗುತ್ತದೆ, ಬಟ್ಟೆ ತಾಗದ ಹಾಗೆ ಇಡಿ. ಪರೀಕ್ಷೆಗೆ ನಾನು ಹಾಕುವುದು ವೀಣೆ. ನಮ್ಮ ಹಾಸನ ಜಿಲ್ಲೆಯ ಗದ್ದವಳ್ಳಿಯಲ್ಲಿ ಹುಟ್ಟಿದ ದೊರೆಸ್ವಾಮಿ ಅಯ್ಯಂಗಾರ್ ಅವರ ತಾನ. ಅನುಮಂದ್ರ ತಂತಿ ಮೀಟಿದಾಗ ಪ್ರತಿ ಮೀಟೂ ಬಿಡಿಬಿಡಿಯಾಗಿ ಕೇಳಬೇಕು. ಒಂದರ ಬಾಲ ಇನ್ನೊಂದರ ಮೇಲೆ ಬಿದ್ದು ಗೊಜ್ಜಾದರೆ ಈ ಸ್ಪೀಕರ್‌ಗೆ ಆ ಆಂಪ್ಲಿಫೈಯರ್ ಆಗಿಬರುವುದಿಲ್ಲ.

ಪೋರ್ಟ್ ಇರುವ ಡಬ್ಬಗಳು ಈ ಪರೀಕ್ಷೆಯಲ್ಲಿ ಸೋಲುವುದು ಜಾಸ್ತಿ. ಅವನ್ನು ಲೆಕ್ಕ ಹಾಕುವುದೇ ಟ್ರಾನ್ಸಿಸ್ಟರ್‌ನ ಗಟ್ಟಿ ಹಿಡಿತ ಇರುತ್ತದೆ ಅಂತ ಹಿಡಿದು. ಕಾಯಿಲ್ 6 ಓಮ್, ಆಂಪ್ಲಿಫೈಯರ್ 3 ಓಮ್ ಆದರೆ ವಿದ್ಯುತ್ತಿನ ಬ್ರೇಕ್ ಒಂದೂವರೆ ಪಟ್ಟು ಸಡಿಲ. ಪೋರ್ಟ್‌ಗೆ ಸ್ಪಂಜು ತುರುಕಿ ನೋಡಿ. ಬೇಸ್ ಕೆಳಗೆ ಕೊಂಚ ಕಮ್ಮಿಯಾಗುತ್ತದೆ, ಗುಂಯ್ ನಿಲ್ಲುತ್ತದೆ. ಗೋಡೆ ಮೂಲೆಯಿಂದ ಎರಡಡಿ ಮುಂದೆ ಎಳೆದರೂ ಅರ್ಧ ರೋಗ ವಾಸಿ. ಸೀಲ್ ಆದ ಡಬ್ಬ, ಹಿಂಬದಿ ತೆರೆದ ಹಳೇ ರೇಡಿಯೋಗ್ರಾಂ ಪೆಟ್ಟಿಗೆ ಇವು ಸಡಿಲ ಹಿಡಿತವನ್ನು ಚೆನ್ನಾಗಿ ಸಹಿಸುತ್ತವೆ. ಬರೀ ಟ್ರಾನ್ಸಿಸ್ಟರ್‌ನಲ್ಲಿ ಬಡಕಲಾಗಿ ಕೇಳುತ್ತಿದ್ದ ಫುಲ್‌ರೇಂಜ್ ಸ್ಪೀಕರ್‌ಗೆ 3–4 ಓಮ್ ಆಂಪ್ಲಿಫೈಯರ್ ಸಿಕ್ಕಾಗ ಮೈ ತುಂಬಿಕೊಳ್ಳುವುದೂ ಉಂಟು.

ಸ್ಪೀಕರ್ ಬದಲಿಸಲು ಆಗದಿದ್ದರೆ ಉಳಿದ ದಾರಿ ಫೀಡ್‌ಬ್ಯಾಕ್. ಸೆಕೆಂಡರಿಯಿಂದ ಒಂದು ರೆಸಿಸ್ಟರ್ ಮೊದಲ ವಾಲ್ವ್‌ನ ಕ್ಯಾಥೋಡ್‌ಗೆ. ಗೇನ್ ಕಮ್ಮಿಯಾಗುತ್ತದೆ, ಜೊತೆಗೆ ಔಟ್‌ಪುಟ್ ಇಂಪೀಡೆನ್ಸ್ ಇಳಿಯುತ್ತದೆ. 1947ರಲ್ಲಿ ವಿಲಿಯಮ್ಸನ್ ಅನ್ನುವ ಎಂಜಿನಿಯರ್ ಪ್ರಕಟಿಸಿದ 15 ವಾಟ್ ಆಂಪ್ಲಿಫೈಯರ್‌ನಲ್ಲಿ 20 ಡೆಸಿಬೆಲ್ ಫೀಡ್‌ಬ್ಯಾಕ್ ಇತ್ತು. ಹಾಗಾಗಿ ಫೀಡ್‌ಬ್ಯಾಕ್ ಹಾಕಿದರೆ ವಾಲ್ವ್‌ನ ಮಜಾ ಹೋಗುತ್ತದೆ ಅನ್ನುವವರ ಮಾತನ್ನು ನಾನು ಅಷ್ಟು ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದರೆ ಒಮ್ಮೆಲೇ 20ಕ್ಕೆ ಹಾರಬೇಡಿ. ಅಷ್ಟು ಫೀಡ್‌ಬ್ಯಾಕ್ ತಡೆಯಲು ಟ್ರಾನ್ಸ್‌ಫಾರ್ಮರ್ ತುಂಬಾ ಚೆನ್ನಾಗಿರಬೇಕು. ಪ್ರೈಮರಿಯನ್ನು ಎರಡು ಪಾಲು ಮಾಡಿ ನಡುವೆ ಸೆಕೆಂಡರಿ ಸುತ್ತಿರಬೇಕು. ಇಲ್ಲದಿದ್ದರೆ ಕಿವಿಗೆ ಕೇಳದ ಎತ್ತರದಲ್ಲಿ ಅದು ತಾನೇ ಕೂಗಿಕೊಳ್ಳುತ್ತಾ ಟ್ವೀಟರ್ ಸುಡುತ್ತದೆ. 6ರಿಂದ 12 ಡೆಸಿಬೆಲ್ ಮನೆಯಲ್ಲಿ ಕಟ್ಟುವವರಿಗೆ ಸರಿಯಾದ ಜಾಗ. ಫೀಡ್‌ಬ್ಯಾಕ್ ವೈರ್ ಯಾವುದಾದರೂ ಒಂದೇ ಟ್ಯಾಪ್‌ನಲ್ಲಿ ಖಾಯಂ ಇರಲಿ. ಸ್ಪೀಕರ್ ಟ್ಯಾಪ್ ಬದಲಿಸುವಾಗ ಅದನ್ನು ಮುಟ್ಟಬೇಡಿ.

ಕಟ್ಟಿದ ಮೇಲೆ ಔಟ್‌ಪುಟ್ ಇಂಪೀಡೆನ್ಸ್ ಅಳೆಯಬೇಕಾ? ಖಂಡಿತ. 8.2 ಓಮ್, 10 ವಾಟ್ ರೆಸಿಸ್ಟರ್ ಎರಡು ತನ್ನಿ. 400 ಹರ್ಟ್ಜ್ ಟೋನ್ ಹಾಕಿ, ಮೊದಲು ಎರಡನ್ನೂ ಸೀರೀಸ್‌ನಲ್ಲಿ ಕಟ್ಟಿ ಅಳೆಯಿರಿ. 2.41 ವೋಲ್ಟ್ ಬಂತು ಅನ್ನಿ. ಕರೆಂಟ್ 0.147 ಆಂಪಿಯರ್. ವಾಲ್ಯೂಮ್ ಮುಟ್ಟದೆ ಒಂದನ್ನು ಮಾತ್ರ ಉಳಿಸಿ ಅಳೆಯಿರಿ. 2.02 ವೋಲ್ಟ್, 0.246 ಆಂಪಿಯರ್. ವೋಲ್ಟೇಜಿನ ವ್ಯತ್ಯಾಸ 0.39, ಕರೆಂಟಿನದು 0.099. ಭಾಗಿಸಿದರೆ ಸುಮಾರು 4 ಓಮ್. ಖಾಲಿ ಬಿಟ್ಟು ಅಳೆಯುವ ವಿಧಾನ ಎಲ್ಲಾದರೂ ಓದಿದ್ದರೆ ಮರೆತುಬಿಡಿ. ಯಾಕೆ ಅಂತ ಮೇಲೇ ಹೇಳಿದ್ದೇನೆ.

ಉಳಿದ ಸಣ್ಣಪುಟ್ಟದ್ದು

ಎತ್ತರದ ಸ್ವರಗಳಲ್ಲಿ ವೂಫರ್ ಕಾಯಿಲ್‌ನ ಇಂಡಕ್ಟೆನ್ಸ್‌ನಿಂದ ಇಂಪೀಡೆನ್ಸ್ ಮತ್ತೆ ಏರುತ್ತದೆ. ಕ್ರಾಸ್‌ಓವರ್ ಇಲ್ಲದ ಒಂಟಿ ಸ್ಪೀಕರ್ ಕೀಚಲಾಗಿ ಕೇಳಿದರೆ 8.2 ಓಮ್ ಮತ್ತು 6.8 ಮೈಕ್ರೋಫ್ಯಾರಡ್ ಸೀರೀಸ್ ಮಾಡಿ ಸ್ಪೀಕರ್‌ಗೆ ಅಡ್ಡಲಾಗಿ ಹಾಕಿ. ಇದು 6 ಓಮ್ ಡಿಸಿ, ಅರ್ಧ ಮಿಲಿಹೆನ್ರಿ ಕಾಯಿಲ್‌ನ ಲೆಕ್ಕ. ಕೆಪಾಸಿಟರ್ ನಾನ್‌ಪೋಲಾರ್ ಇರಲಿ.

ಸ್ಪೀಕರ್ ವೈರ್: 1.5 ಚದರ ಮಿಲಿಮೀಟರ್‌ನ ಮನೆ ವೈರಿಂಗ್ ತಾಮ್ರ ಸಾಕು. ಐದು ಮೀಟರ್ ದೂರಕ್ಕೆ ಹೋಗಿಬರುವ ರೆಸಿಸ್ಟೆನ್ಸ್ 0.12 ಓಮ್. ಆಂಪ್ಲಿಫೈಯರ್ರೇ 4 ಓಮ್ ಇರುವಾಗ ಅದನ್ನು ಯಾರು ಕೇಳುತ್ತಾರೆ?

ಲೈನ್ ವೋಲ್ಟೇಜ್ ನೋಡಿಕೊಳ್ಳಿ. ತೋಟದ ಕಡೆ ಸಂಜೆ 200ಕ್ಕೆ ಇಳಿಯುವುದು ಹೊಸದಲ್ಲ. ಹೀಟರ್‌ನ 6.3 ವೋಲ್ಟ್ ಆಗ 5.5ಕ್ಕೆ ಬರುತ್ತದೆ. ಶೇ 10ರ ಮಿತಿಗಿಂತ ಕೆಳಗೆ. ವಾಲ್ವ್ ಪೂರ್ತಿ ಬಿಸಿಯಾಗುವುದಿಲ್ಲ, ನಾಲ್ಕು ವಾಟ್‌ನ ಆಂಪ್ಲಿಫೈಯರ್ ಎರಡೂವರೆಗೆ ಬರುತ್ತದೆ. ಆಗ ಸ್ಪೀಕರ್ ಬೈಯಬೇಡಿ. ಒಳ್ಳೆ ಸ್ಟೆಬಿಲೈಸರ್ ಹಾಕಿ, ಇಲ್ಲಾ ಪವರ್ ಟ್ರಾನ್ಸ್‌ಫಾರ್ಮರ್ ಸುತ್ತಿಸುವಾಗಲೇ ಪ್ರೈಮರಿಗೆ 210, 230, 250 ಅಂತ ಮೂರು ಟ್ಯಾಪ್ ಕೇಳಿ.

ಮೊದಲ ಸಲ ಆನ್ ಮಾಡುವಾಗ ಸ್ಪೀಕರ್ ಬೇಡ, 8.2 ಓಮ್ ರೆಸಿಸ್ಟರ್ ಇರಲಿ. ಫೀಡ್‌ಬ್ಯಾಕ್ ವೈರ್ ಕಟ್ಟಿದ ಕೂಡಲೇ ರೆಸಿಸ್ಟರ್ ಮೇಲಿನ ವೋಲ್ಟೇಜ್ ಇಳಿಯಬೇಕು. ಏರಿತು ಅಥವಾ ಹುಚ್ಚು ಹಿಡಿದ ಹಾಗೆ ಕುಣಿಯಿತು ಅಂದರೆ ಫೇಸ್ ಉಲ್ಟಾ. ಆಫ್ ಮಾಡಿ, ಕೆಪಾಸಿಟರ್ ಖಾಲಿಯಾಗುವ ತನಕ ಕಾದು, ಪ್ರೈಮರಿಯ ಎರಡು ವೈರ್ ಅದಲುಬದಲು ಮಾಡಿ. ಅಲ್ಟ್ರಾಲೀನಿಯರ್ ಟ್ಯಾಪ್ (ಪ್ರೈಮರಿಯ ನಡುವಿನಿಂದ ವಾಲ್ವ್‌ನ ಸ್ಕ್ರೀನ್ ಗ್ರಿಡ್‌ಗೆ ಹೋಗುವ ವೈರ್) ಇದ್ದರೆ ಅದನ್ನೂ ಜೊತೆಗೆ ಬದಲಿಸಬೇಕಾಗುತ್ತದೆ. ಅಂಥ ಕಡೆ ಸೆಕೆಂಡರಿಯನ್ನೇ ತಿರುಗಿಸುವುದು ಸುಲಭ.

ಹಾಡು ನಿಲ್ಲಿಸಿದಾಗ ರೆಸಿಸ್ಟರ್ ಮೇಲೆ ಎಷ್ಟು ಮಿಲಿವೋಲ್ಟ್ ಉಳಿಯುತ್ತದೆ ಅಂತಲೂ ನೋಡಿ. 86ರ ಸ್ಪೀಕರ್‌ಗೆ 5 ಮಿಲಿವೋಲ್ಟ್ ಇದ್ದರೂ ನಡೆದುಹೋಗುತ್ತದೆ. 95ರದ್ದಕ್ಕೆ ಅದೇ 5 ಮಿಲಿವೋಲ್ಟ್ ರಾತ್ರಿ ಹೊತ್ತು ತಲೆನೋವು, ಒಂದಕ್ಕೆ ಇಳಿಸಬೇಕು. ಈ ಹಮ್ (ಕರೆಂಟಿನ ಗುಂಯ್‌ಗುಡುವ ಸದ್ದು) 100 ಹರ್ಟ್ಜ್‌ನದಾದರೆ ಫಿಲ್ಟರ್ ಸಾಲದು, ಚೋಕ್ ಹಾಕಿ ಅಥವಾ ಕೆಪಾಸಿಟರ್ ಜಾಸ್ತಿ ಮಾಡಿ. 50 ಹರ್ಟ್ಜ್ ಆದರೆ ಹೀಟರ್ ವೈರ್ ಅಥವಾ ಅರ್ತ್. ಹೀಟರ್‌ನ ಎರಡು ವೈರ್ ಬಿಗಿಯಾಗಿ ತಿರುಚಿ ಚಾಸಿಯ ಮೂಲೆಯಲ್ಲೇ ಓಡಿಸಿ. ಎರಡರಲ್ಲೂ ಹೋಗದಿದ್ದರೆ ಪವರ್ ಟ್ರಾನ್ಸ್‌ಫಾರ್ಮರನ್ನು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ 90 ಡಿಗ್ರಿ ತಿರುಗಿಸಿ ಕೂರಿಸಿ. ಚಾಸಿಗೆ ತೂತು ಕೊರೆಯುವ ಮೊದಲೇ ಎರಡನ್ನೂ ಮೇಜಿನ ಮೇಲಿಟ್ಟು, ಪವರ್ ಟ್ರಾನ್ಸ್‌ಫಾರ್ಮರ್‌ಗೆ ಮಾತ್ರ ಕರೆಂಟ್ ಕೊಟ್ಟು, ಔಟ್‌ಪುಟ್‌ನ ಸೆಕೆಂಡರಿಗೆ ಹೆಡ್‌ಫೋನ್ ಹಾಕಿ ಕೇಳುತ್ತಾ ತಿರುಗಿಸಿದರೆ ಹಮ್ ಅತೀ ಕಮ್ಮಿ ಇರುವ ಕೋನ ಸಿಗುತ್ತದೆ. ಅಲ್ಲೇ ಪೆನ್ಸಿಲ್‌ನಿಂದ ಗುರುತು ಹಾಕಿಕೊಂಡು ಆಮೇಲೆ ಡ್ರಿಲ್ ಹಿಡಿಯಿರಿ.